ಪರೀಕ್ಷೆಯಿಲ್ಲದ ಓದು

ಮನೆಕಂದಾಯ ಕಟ್ಟಿದ ರಸೀದಿಯಲ್ಲಿ ನಾವು ಸಾಮಾನ್ಯವಾಗಿ ಒಟ್ಟು ಮೊತ್ತವನ್ನಷ್ಟೇ ನೋಡಿ ಮಡಿಸಿ ಇಟ್ಟುಬಿಡುತ್ತೇವೆ. ಒಮ್ಮೆ ಅದನ್ನು ಬಿಚ್ಚಿ ಸಾಲು ಸಾಲಾಗಿ ಓದಿ ನೋಡಿ. ಗ್ರಂಥಾಲಯ ಕರ ಎಂಬ ಬಾಬೊಂದು ಕಣ್ಣಿಗೆ ಬಿದ್ದೀತು. ಆಗಿನ ಮೈಸೂರು ರಾಜ್ಯದಲ್ಲಿ 1965ರಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಬಂತು. ಅದರ ಪ್ರಕಾರ ಪಟ್ಟಣಗಳ ಕಂದಾಯದ ಜೊತೆಗೆ ಈ ಕರವೂ ಸೇರಿತು. ಈಗ ಅದು ರೂಪಾಯಿಗೆ ಆರು ಪೈಸೆ. ದುಡ್ಡು ಕೊಟ್ಟು ತಂದ ಹಾಲನ್ನು ನಾವು ಯಾರೂ ಚೆಲ್ಲುವುದಿಲ್ಲ. ಆದರೆ ದುಡ್ಡು ಕೊಟ್ಟ ಪುಸ್ತಕಾಲಯದ ಹೊಸ್ತಿಲನ್ನು ಕಾಲೇಜು ಬಿಟ್ಟ ಮೇಲೆ ಒಮ್ಮೆಯೂ ತುಳಿಯದವರು ನಮ್ಮಲ್ಲಿ ಎಷ್ಟೋ ಮಂದಿ.

ಇದಕ್ಕೆ ಸೋಮಾರಿತನವೊಂದೇ ಕಾರಣವಲ್ಲ. ಓದು ಎಂದರೆ ಪರೀಕ್ಷೆಗೆ ಓದುವುದು ಎಂಬ ಭಾವನೆ ಚಿಕ್ಕಂದಿನಲ್ಲೇ ನಮ್ಮಲ್ಲಿ ಬೇರೂರಿಬಿಡುತ್ತದೆ. ಪರೀಕ್ಷೆ ಮುಗಿಯಿತು, ಓದೂ ಮುಗಿಯಿತು. ವಾಸ್ತವವಾಗಿ ಓದಿನ ಸುಖ ಪ್ರಾರಂಭವಾಗಬೇಕಾದದ್ದೇ ಅಲ್ಲಿಂದ. ನಲವತ್ತು ವರ್ಷದ ಗೃಹಸ್ಥನನ್ನೋ ಗೃಹಿಣಿಯನ್ನೋ, ‘ಈ ಪುಸ್ತಕದಿಂದ ಏನು ಕಲಿತಿರಿ?’ ಎಂದು ಕೇಳುವವರಿಲ್ಲ. ಇಪ್ಪತ್ತನೆಯ ಪುಟದಲ್ಲಿ ಬೇಸರವಾಯಿತೇ, ಮುಚ್ಚಿಡಬಹುದು. ಕೊಂಡ ಪುಸ್ತಕದ ವಿಷಯದಲ್ಲಿ ಇಷ್ಟು ಸ್ವಾತಂತ್ರ್ಯವಿಲ್ಲ. ಮುನ್ನೂರು ನಾನ್ನೂರು ರೂಪಾಯಿ ತೆತ್ತ ಮೇಲೆ, ಹಿಡಿಸದಿದ್ದರೂ ಓದಿ ಮುಗಿಸಬೇಕೆಂಬ ಹಟ ಬರುತ್ತದೆ. ಇಲ್ಲವೇ ಅದು ಬೀರುವಿನಿಂದ ನಮ್ಮನ್ನು ದಿನವೂ ಹಂಗಿಸುತ್ತಿರುತ್ತದೆ. ಎರವಲು ತಂದ ಪುಸ್ತಕಕ್ಕೆ ಅಂಥ ಬಿಗುಮಾನವಿಲ್ಲ. ತಂದಷ್ಟೇ ಸಲೀಸಾಗಿ ಹಿಂದಿರುಗಿಸಬಹುದು.

ಇನ್ನು ಕಪಾಟುಗಳ ನಡುವೆ ಅಲೆಯುವ ಸುಖ. ಹಿಂದೆ ಬಹಳ ಕಡೆ ಪುಸ್ತಕಗಳಿಗೆ ಬೀಗ ಹಾಕಿಡುತ್ತಿದ್ದರು. ಓದುಗ ಚೀಟಿ ಬರೆದುಕೊಟ್ಟು ಕಾಯಬೇಕು. ಬೇಕಾದ ಪುಸ್ತಕದ ಹೆಸರು ಮೊದಲೇ ಗೊತ್ತಿರಬೇಕು. ಈ ಬೀಗ ತೆಗೆಸಿದವರಲ್ಲಿ ಎಸ್. ಆರ್. ರಂಗನಾಥನ್ ಮುಖ್ಯರು. ಗಣಿತದ ಉಪಾಧ್ಯಾಯರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ಓದುಗರೇ ಕಪಾಟಿನ ಬಳಿಗೆ ಹೋಗಿ ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡುವ ಪದ್ಧತಿಯನ್ನು ಅಲ್ಲಿ ಜಾರಿಗೆ ತಂದರು. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದರ ತಾತ್ಪರ್ಯ, ಪುಸ್ತಕವಿರುವುದು ಬಳಕೆಗೆ ಎಂಬುದು. ಇಷ್ಟು ಸರಳವಾದ ಮಾತನ್ನು ಸೂತ್ರವೆಂದು ಸಾರಬೇಕಾಗಿ ಬಂತೆಂದರೆ ಆ ಕಾಲದ ಬೀಗಗಳು ಎಷ್ಟು ಗಟ್ಟಿಯಾಗಿದ್ದುವೋ! ಅವರು ಕಡೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲಿ. 1972ರಲ್ಲಿ ತೀರಿಕೊಂಡದ್ದೂ ಇಲ್ಲಿಯೇ.

ಪುಸ್ತಕದ ಬೆನ್ನಿನ ಮೇಲಿನ ಅಂಕಿಗಳಿಗೆ ಯಾರೂ ಹೆದರಬೇಕಾದ್ದಿಲ್ಲ. ಅವು ಊರಿನ ಬೀದಿಗಳಿಗೆ ಮನೆ ನಂಬರು ಇದ್ದಂತೆ. ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ಪದ್ಧತಿಯನ್ನು ಅನುಸರಿಸುವ ಪುಸ್ತಕಾಲಯಕ್ಕೆ ಹೋದಿರಿ ಎನ್ನಿ. ಗುಲಾಬಿ ಗಿಡಕ್ಕೆ ಕಸಿ ಕಟ್ಟುವುದು ಹೇಗೆಂದು ತಿಳಿಯಬೇಕಾಗಿದೆ. ತೋಟಗಾರಿಕೆ 635ರಲ್ಲಿದೆ. ಅದರ ಪಕ್ಕದಲ್ಲಿ 636, ಸಾಕು ಪ್ರಾಣಿಗಳು, 637, ಹಾಲು ಬೆಣ್ಣೆಯ ವಿಷಯ, 638ರಲ್ಲಿ ಜೇನು. ಇನ್ನೂ ಎರಡು ಹೆಜ್ಜೆ ಇಟ್ಟರೆ 641, ಅಡುಗೆಯ ಪುಸ್ತಕಗಳು. ಹಿತ್ತಲಿನಿಂದ ಹೊರಟು ಒಲೆಯ ಮುಂದೆ ಬಂದು ನಿಂತಂತಾಯಿತು! ಗುಲಾಬಿಗೆಂದು ಹೋದವರು ಜೇನುಹುಳುವಿನ ಪುಸ್ತಕ ಹಿಡಿದು ಬಂದರೆ ನಷ್ಟವೇನು? ಕನ್ನಡ ಸಾಹಿತ್ಯ ಬೇಕೆನ್ನುವವರು 894.814 ಇರುವ ಕಡೆ ಹುಡುಕಬೇಕು.

ಕನ್ನಡದ ಮಾತು ಬಂದದ್ದರಿಂದ ಒಂದು ವಿಷಯ ಹೇಳಲೇಬೇಕು. ನಮ್ಮ ಪುಸ್ತಕಗಳು ಹೆಚ್ಚಾಗಿ ಸಾವಿರ ಪ್ರತಿಗಳಷ್ಟೇ ಅಚ್ಚಾಗುತ್ತವೆ. ಅವು ತೀರಿದರೆ ಮರುಮುದ್ರಣ ಕಾಣುವುದು ಕೆಲವೇ ಪುಣ್ಯವಂತರ ಕೃತಿಗಳಿಗೆ. ಅಂಗಡಿಯಲ್ಲಿ ಕೇಳಿದರೆ ‘ಇಲ್ಲ’ ಎಂಬ ಉತ್ತರ ಬರುವ ಪ್ರವಾಸಕಥನವೋ ಪ್ರಬಂಧ ಸಂಕಲನವೋ ನಿಮ್ಮೂರ ಪುಸ್ತಕಾಲಯದ ಕೆಳಗಿನ ಸಾಲಿನಲ್ಲಿ ಧೂಳು ಹಿಡಿದು ಕುಳಿತಿರಬಹುದು. ಅದರ ಒಳರಟ್ಟಿನಲ್ಲಿ ಅಂಟಿಸಿದ ತಾರೀಖಿನ ಚೀಟಿಯನ್ನು ನೋಡುವುದೇ ಒಂದು ಕುತೂಹಲ. ಒಂದು ಬೇಸಗೆಯಲ್ಲಿ ಕೈಯಿಂದ ಕೈಗೆ ಓಡಾಡಿದ ಪುಸ್ತಕ ಆಮೇಲೆ ಹತ್ತಾರು ವರ್ಷ ಮಲಗಿರುತ್ತದೆ. ಮುಂದಿನ ಮೊಹರು ನಿಮ್ಮದು. ಈಗ ಕೆಲವು ಕಡೆ ಗಣಕಯಂತ್ರ ಬಂದು ಈ ಚೀಟಿ ಮಾಯವಾಗಿದೆ. ಅನುಕೂಲವೇನೋ ಹೌದು, ಆದರೂ ನನಗೆ ಸ್ವಲ್ಪ ವ್ಯಥೆ. ಅಡಿಗೆರೆ ಎಳೆದು ಅಂಚಿನಲ್ಲಿ ‘ಭೇಷ್’ ಎಂದು ಬರೆಯುವ ಮಹಾಶಯರು ಮಾತ್ರ ಮಾಯವಾಗಿಲ್ಲ.

ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿರುವ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಕೆಂಪು ಕಟ್ಟಡ ಅನೇಕರಿಗೆ ಪರಿಚಿತ. 1915ರಲ್ಲಿ ಅಲ್ಲಿ ಪ್ರಾರಂಭವಾದ ಪುಸ್ತಕಾಲಯವೇ ಇಂದಿನ ರಾಜ್ಯ ಕೇಂದ್ರ ಗ್ರಂಥಾಲಯ. ಅಂಥ ದೊಡ್ಡ ಭವನವಾಗಲಿ, ಬಡಾವಣೆಯ ಒಂದೇ ಕೋಣೆಯ ಶಾಖೆಯಾಗಲಿ, ಒಳಹೊಕ್ಕರೆ ಇಂದು ಕಾಣುವ ನೋಟ ಹೆಚ್ಚುಕಡಿಮೆ ಒಂದೇ. ಒಂದು ಕಡೆ ಪತ್ರಿಕೆ ಹರಡಿಕೊಂಡ ನಿವೃತ್ತರು. ಇನ್ನೊಂದು ಕಡೆ ಸರ್ಕಾರಿ ನೌಕರಿಯ ಪರೀಕ್ಷೆಗೆ ತಮ್ಮದೇ ಪುಸ್ತಕ ತಂದು ಓದುವ ಯುವಕ ಯುವತಿಯರು. ಇಬ್ಬರಿಗೂ ಅಲ್ಲಿ ಜಾಗ ಇರಲೇಬೇಕು. ಆದರೆ ಎರವಲಿನ ಮೇಜಿನ ಮುಂದೆ ನಡುವಯಸ್ಸಿನವರು ವಿರಳ. ಯಾರೂ ಒಯ್ಯದ ಕಾದಂಬರಿಗೆ ಕಪಾಟೇಕೆ, ಅಲ್ಲಿ ಇನ್ನೆರಡು ಮೇಜು ಹಾಕೋಣ ಎಂದು ಯಾರಾದರೂ ಯೋಚಿಸಿದರೆ ತಪ್ಪು ಹೊರಿಸುವುದು ಕಷ್ಟ. ಹಾಗೆ ಒಮ್ಮೆ ಹೊರಬಿದ್ದ ಹಳೆಯ ಪುಸ್ತಕ ಮತ್ತೆ ಸಿಕ್ಕುವುದು ದುರ್ಲಭ.

ಸದಸ್ಯರಾಗುವುದು ದೊಡ್ಡ ಕೆಲಸವಲ್ಲ. ವಿಳಾಸಕ್ಕೆ ಒಂದು ದಾಖಲೆ, ಸಣ್ಣದೊಂದು ಠೇವಣಿ, ಒಂದು ಅರ್ಜಿ. ಬೇಕಾದ ಪುಸ್ತಕ ಇಲ್ಲದಿದ್ದರೆ ಗ್ರಂಥಪಾಲಕರಿಗೆ ಬರೆದು ಕೊಡಬಹುದು. ಕೇಳುವವರಿದ್ದರೆ ತರಿಸುವವರಿಗೂ ಉತ್ಸಾಹ. ಹೋಗುವ ಮುನ್ನ ವಾರದ ರಜೆಯನ್ನು ಮಾತ್ರ ವಿಚಾರಿಸಿಕೊಳ್ಳಿ. ನಮ್ಮ ಸರ್ಕಾರಿ ಗ್ರಂಥಾಲಯಗಳು ಸಾಮಾನ್ಯವಾಗಿ ಭಾನುವಾರ ತೆರೆದಿದ್ದು ಸೋಮವಾರ ಮುಚ್ಚಿರುತ್ತವೆ.