ಬೇಸಿಗೆಗೆ ಮುನ್ನ ಹವಾನಿಯಂತ್ರಕದ ತಪಾಸಣೆ: ಬಯಲುಸೀಮೆಯ ವರ್ತಕರು ಗಮನಿಸಬೇಕಾದ ಸಂಗತಿಗಳು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಬೇಸಿಗೆ ಎಂಥದೆಂದು ತಿಳಿಯಲು ಉಷ್ಣಮಾಪಕ ಬೇಕಿಲ್ಲ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಯಿಸುವ ಪದ್ಧತಿ ಇದೆ. ವರ್ತಕರಿಗೆ ಆ ಅನುಕೂಲವಿಲ್ಲ. ಬಿಸಿಲೇರಿದ ಮೇಲೂ ಅಂಗಡಿ ತೆರೆದಿರಬೇಕು, ರಾತ್ರಿ ಮನೆಯಲ್ಲಿ ಮಕ್ಕಳು, ವೃದ್ಧರು ನಿದ್ರಿಸಬೇಕು. ಹೀಗಾಗಿ ಕಾನಹೊಸಹಳ್ಳಿಯಂತಹ ಹೆದ್ದಾರಿ ಬದಿಯ ಊರುಗಳಲ್ಲಿಯೂ ಹವಾನಿಯಂತ್ರಕವು ಈಗ ವಿಲಾಸದ ವಸ್ತುವಾಗಿ ಉಳಿದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಅದರ ಮೇಲಿನ ಜಿ.ಎಸ್.ಟಿ. ಶೇಕಡ 28ರಿಂದ 18ಕ್ಕೆ ಇಳಿದಿರುವುದು ಹೊಸದಾಗಿ ಕೊಳ್ಳುವವರಿಗೆ ಸಂತಸದ ಸಂಗತಿ. ಈಗಾಗಲೇ ಕೊಂಡವರ ಲಾಭ ನಷ್ಟ ಮಾತ್ರ ನಿರ್ವಹಣೆಯನ್ನೇ ಅವಲಂಬಿಸಿದೆ.

ತಪಾಸಣೆಗೆ ತಕ್ಕ ಕಾಲ ಶಿವರಾತ್ರಿಯ ಆಸುಪಾಸು, ಅಂದರೆ ಕೊಟ್ಟೂರಿನ ಗುರುಬಸವೇಶ್ವರ ರಥೋತ್ಸವ ನಡೆಯುವ ದಿನಗಳು. ಯುಗಾದಿ ಕಳೆದ ಮೇಲೆ ಎಲ್ಲರೂ ಒಮ್ಮೆಗೇ ಮೆಕ್ಯಾನಿಕ್‌ಗೆ ಕರೆ ಮಾಡುತ್ತಾರೆ. ಹೊಸಪೇಟೆ, ಚಿತ್ರದುರ್ಗ ಅಥವಾ ದಾವಣಗೆರೆಯಿಂದ ಬರಬೇಕಾದವನಿಗೆ ದಿನಕ್ಕೆ ಹತ್ತು ಮನೆಗಳ ಒತ್ತಡ. ಆಗ ಅವಸರದಲ್ಲಿ ಆಗುವ ಕೆಲಸವೇ ‘ಗ್ಯಾಸ್ ತುಂಬಿಸುವುದು’.

ಈ ಗ್ಯಾಸಿನ ವಿಷಯವನ್ನು ಗ್ರಾಹಕರು ಸರಿಯಾಗಿ ಅರಿತುಕೊಳ್ಳುವುದು ಅವಶ್ಯ. ಹವಾನಿಯಂತ್ರಕದೊಳಗಿನ ಶೀತಕ ಅನಿಲವು ಮೋಟಾರು ವಾಹನದ ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಮುಚ್ಚಿದ ಕೊಳವೆಗಳಲ್ಲಿ ಅದು ವರ್ಷಾನುಗಟ್ಟಲೆ ಸುತ್ತುತ್ತಿರುತ್ತದೆ. ಒಳಗಿನ ಶಾಖವನ್ನು ಹೀರಿ ಹೊರಗೆ ಬಿಡುತ್ತದೆ. ಅದು ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿಕೆ ಇದೆ ಎಂದೇ ಅರ್ಥ. ಸೋರಿಕೆಯನ್ನು ಹುಡುಕಿ ಮುಚ್ಚದೆ ಪ್ರತಿ ಬೇಸಿಗೆಯಲ್ಲಿಯೂ ಅನಿಲ ತುಂಬಿಸುವುದು ತೂತು ಬಿದ್ದ ಕೊಡಕ್ಕೆ ನೀರು ಹೊಯ್ದಂತೆ. ‘ವರ್ಷಕ್ಕೊಮ್ಮೆ ಗ್ಯಾಸ್ ಹಾಕಿಸಲೇಬೇಕು’ ಎಂಬ ಮಾತು ನಮ್ಮ ಊರುಗಳಲ್ಲಿ ಹೇಗೋ ನಿಯಮದಂತೆ ನೆಲೆಯೂರಿದೆ. ಅದಕ್ಕೆ ಯಾವ ಆಧಾರವೂ ಇಲ್ಲ.

ಇನ್ನೊಂದು ಸೂಕ್ಷ್ಮವೂ ಇದೆ. ಒಳಘಟಕದ ಸುರುಳಿಯ ಮೇಲೆ ಮಂಜುಗಡ್ಡೆ ಕಟ್ಟುವುದು ಅನಿಲ ಕಡಿಮೆಯಾದುದರ ಲಕ್ಷಣ. ಆದರೆ ಫಿಲ್ಟರಿನಲ್ಲಿ ಧೂಳು ತುಂಬಿ ಗಾಳಿಯ ಹರಿವು ಕುಗ್ಗಿದಾಗಲೂ ಅದೇ ಮಂಜುಗಡ್ಡೆ ಕಟ್ಟುತ್ತದೆ. ಮೊದಲನೆಯದರ ರಿಪೇರಿಗೆ ಸಾವಿರಾರು ರೂಪಾಯಿ. ಎರಡನೆಯದಕ್ಕೆ ಒಂದು ಬಕೆಟ್ ನೀರು. ಆದುದರಿಂದ ಫಿಲ್ಟರ್ ಮತ್ತು ಸುರುಳಿಗಳನ್ನು ತೊಳೆದು, ಯಂತ್ರವನ್ನು ಕಾಲು ಗಂಟೆ ಓಡಿಸಿ ನೋಡಿದ ಬಳಿಕವೇ ಅನಿಲದ ಮಾತೆತ್ತಬೇಕು. ಒಳಹೋಗುವ ಗಾಳಿಗೂ ಹೊರಬರುವ ಗಾಳಿಗೂ ಸುಮಾರು 8ರಿಂದ 12 ಡಿಗ್ರಿ ಸೆಲ್ಸಿಯಸ್ ಅಂತರವಿದ್ದರೆ ಅನಿಲವು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಇದನ್ನು ಅಳೆಯಲು ಸಾಧಾರಣ ಥರ್ಮಾಮೀಟರ್ ಸಾಕು.

ಸೋರಿಕೆ ಖಚಿತವಾದರೆ ಕೆಲಸದ ಕ್ರಮ ಬೇರೆಯೇ. ನೈಟ್ರೋಜನ್ ಒತ್ತಡ ಕೊಟ್ಟು, ಸಾಬೂನು ನೊರೆಯಿಂದ ತೂತನ್ನು ಪತ್ತೆ ಮಾಡಿ, ಬೆಸುಗೆ ಹಾಕಿ, ವ್ಯಾಕ್ಯೂಮ್ ಪಂಪಿನಿಂದ ಕೊಳವೆಯೊಳಗಿನ ಗಾಳಿ ಮತ್ತು ತೇವವನ್ನು ತೆಗೆದು, ಯಂತ್ರದ ಫಲಕದಲ್ಲಿ ನಮೂದಿಸಿದ ತೂಕದಷ್ಟೇ ಅನಿಲವನ್ನು ತಕ್ಕಡಿಯಲ್ಲಿ ತೂಗಿ ತುಂಬಬೇಕು. ದಿನಸಿ ವ್ಯಾಪಾರದಲ್ಲಿ ಕಣ್ಣಂದಾಜಿಗೆ ಒಪ್ಪದ ವರ್ತಕರು ಇಲ್ಲಿ ಮಾತ್ರ ಅದನ್ನು ಒಪ್ಪಿಬಿಡುವುದು ಸೋಜಿಗ. ಅನಿಲ ಹೆಚ್ಚಾದರೂ ಕೇಡು: ಹೊರಗೆ 40 ಡಿಗ್ರಿ ಇರುವ ಮಧ್ಯಾಹ್ನ ಒತ್ತಡವೇರಿ, ಯಂತ್ರದ ಅತಿ ಬೆಲೆಯ ಭಾಗವಾದ ಕಂಪ್ರೆಸರ್ ಸುಡುವ ಸಂಭವವಿದೆ.

ಅನಿಲದ ಜಾತಿಯನ್ನೂ ಗಮನಿಸಬೇಕು. ಹಳೆಯ ಯಂತ್ರಗಳಲ್ಲಿ ಆರ್-22 ಇದೆ. ಓಜೋನ್ ಪದರಕ್ಕೆ ಹಾನಿಕರವಾದ ಇದನ್ನು ಮಾಂಟ್ರಿಯಲ್ ಒಪ್ಪಂದದಂತೆ 2030ರ ವೇಳೆಗೆ ಬಹುತೇಕ ಕೈಬಿಡಬೇಕಾಗಿದೆ. ಹೊಸ ಯಂತ್ರಗಳಲ್ಲಿ ಹೆಚ್ಚಾಗಿ ಆರ್-32 ಬಳಕೆಯಲ್ಲಿದ್ದು, ಅದರ ಒತ್ತಡ ಹೆಚ್ಚು, ಎಣ್ಣೆಯೂ ಬೇರೆ. ಜೊತೆಗೆ ಅದು ಅಲ್ಪ ಪ್ರಮಾಣದಲ್ಲಿ ಹೊತ್ತಿಕೊಳ್ಳುವ ಗುಣವುಳ್ಳದ್ದು. ಕೆಲವು ಯಂತ್ರಗಳಲ್ಲಿರುವ ಆರ್-290 ಎಂಬುದು ಪ್ರೊಪೇನ್, ಸುಲಭವಾಗಿ ಉರಿಯುತ್ತದೆ. ಇಂತಹ ಯಂತ್ರಕ್ಕೆ ಅನಿಲವಿರುವಾಗಲೇ ಬೆಸುಗೆಯ ಜ್ವಾಲೆ ಹಿಡಿಯುವುದು, ಒಂದರಲ್ಲಿ ಇನ್ನೊಂದನ್ನು ಬೆರೆಸುವುದು ಪ್ರಾಣಾಪಾಯಕ್ಕೆ ಆಹ್ವಾನ.

ಈ ಭಾಗದ ಯಂತ್ರಗಳಿಗೆ ಮೊದಲ ಶತ್ರು ಧೂಳು. ಹೆದ್ದಾರಿಯಲ್ಲಿ ಹಗಲಿರುಳು ಸಾಗುವ ಲಾರಿಗಳು ಎಬ್ಬಿಸುವ ಮಣ್ಣು ಒಂದು ಕಡೆ, ಮೆಕ್ಕೆಜೋಳ ಮತ್ತು ಶೇಂಗಾ ಒಕ್ಕಣೆಯ ಹೊಟ್ಟು ಇನ್ನೊಂದು ಕಡೆ. ಬೇರೆಡೆ ಹದಿನೈದು ದಿನಕ್ಕೊಮ್ಮೆ ತೊಳೆಯುವ ಫಿಲ್ಟರನ್ನು ಇಲ್ಲಿ ವಾರಕ್ಕೊಮ್ಮೆ ತೊಳೆಯುವುದು ಲೇಸು. ಹೊರಘಟಕವನ್ನು ತೊಳೆಯುವಾಗ ಮೊದಲು ಎಂ.ಸಿ.ಬಿ. ಇಳಿಸಿರಬೇಕು. ವಾಹನ ತೊಳೆಯುವ ಪಂಪಿನ ರಭಸದ ನೀರು ಬಿಟ್ಟರೆ ತೆಳುವಾದ ಅಲ್ಯೂಮಿನಿಯಂ ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿಯೇ ಮುಚ್ಚಿಹೋಗುತ್ತದೆ. ಮೆಲ್ಲನೆ ಹರಿಯುವ ನೀರೇ ಸರಿ. ಕೊಳವೆ ಬಾವಿಯ ಗಡಸು ನೀರು ಒಣಗಿದಾಗ ಬಿಳಿಯ ಪದರ ಉಳಿಯುತ್ತದೆ. ಅದನ್ನು ತೆಗೆಯಲು ಆಸಿಡ್ ಬಳಸಿದರೆ ಲೋಹವೇ ಸವೆಯುತ್ತದೆ. ಕೊನೆಯ ಸುತ್ತಿಗೆ ಮಳೆನೀರು ಅಥವಾ ಮೆದು ನೀರು ಬಳಸಬಹುದು. ಒಳಘಟಕದಿಂದ ನೀರು ಹೊರಹೋಗುವ ಕೊಳವೆಯ ಇಳಿಜಾರನ್ನೂ ಅದೇ ಸಮಯದಲ್ಲಿ ನೋಡಿಕೊಂಡರೆ ಗೋಡೆಗೆ ತೇವ ಇಳಿಯುವುದು ತಪ್ಪುತ್ತದೆ.

ವಿದ್ಯುತ್ತಿನ ಕಡೆಯಿಂದ ಬರುವ ನಷ್ಟವೂ ಕಡಿಮೆಯದಲ್ಲ. ಗೃಹಬಳಕೆಯ 230 ವೋಲ್ಟ್ ಪೂರೈಕೆಯಲ್ಲಿ ಶೇಕಡ 6ರಷ್ಟು ಏರಿಳಿತಕ್ಕೆ ಅವಕಾಶವಿದೆ. ಅಂದರೆ ಸುಮಾರು 216ರಿಂದ 244 ವೋಲ್ಟ್. ಪಂಪ್‌ಸೆಟ್‌ಗಳು ಒಮ್ಮೆಗೇ ಓಡುವ ಹೊತ್ತಿನಲ್ಲಿ ಇದಕ್ಕಿಂತ ಕೆಳಗಿಳಿದರೆ ಕಂಪ್ರೆಸರ್ ಹೆಚ್ಚು ಕರೆಂಟ್ ಎಳೆದು ಬಿಸಿಯಾಗುತ್ತದೆ. ಸ್ಟೆಬಿಲೈಜರ್ ಬೇಡ ಎಂಬ ಮಾರಾಟಗಾರನ ಮಾತನ್ನು ನಂಬುವ ಮುನ್ನ ಕೈಪಿಡಿಯಲ್ಲಿ ಮುದ್ರಿಸಿರುವ ವೋಲ್ಟೇಜ್ ವ್ಯಾಪ್ತಿಯನ್ನು ಓದುವುದು ಒಳಿತು. ವಿದ್ಯುತ್ ಹೋಗಿ ಬಂದ ಮೇಲೆ ಮೂರು ನಿಮಿಷ ಬಿಟ್ಟೇ ಯಂತ್ರ ಆರಂಭವಾಗುವಂತಿರಬೇಕು. ಒಳಗಿನ ಒತ್ತಡ ಸಮವಾಗಲು ಅಷ್ಟು ಹೊತ್ತು ಬೇಕು.

ಅರ್ಥಿಂಗ್ ಬಗೆಗೆ ಒಂದು ಮಾತು. ಇದ್ದಿಲು, ಉಪ್ಪು ಹಾಕಿ ತೋಡಿದ ಗುಂಡಿಯ ಮಣ್ಣು ಮಾರ್ಚ್ ವೇಳೆಗೆ ಸಂಪೂರ್ಣ ಒಣಗಿರುತ್ತದೆ. ಒಣಗಿದ ನೆಲವು ವಿದ್ಯುತ್ತನ್ನು ಸುಲಭವಾಗಿ ಸೆಳೆಯದು. ಹವಾನಿಯಂತ್ರಕವು ಹೆಚ್ಚು ಓಡುವ ತಿಂಗಳುಗಳಲ್ಲಿಯೇ ಅರ್ಥಿಂಗ್ ದುರ್ಬಲವಾಗುವುದು ಬಯಲುಸೀಮೆಯ ವಿಶೇಷ ಅಪಾಯ. ವಾರಕ್ಕೆ ಎರಡು ಬಾರಿ ಗುಂಡಿಗೆ ನೀರು ಹಾಕುವುದಕ್ಕೆ ಖರ್ಚೇನೂ ಇಲ್ಲ. ಒಳಗಿನ ಕೆಪಾಸಿಟರ್ ಮಾತ್ರ ಸ್ವಿಚ್ ಆರಿಸಿದ ಮೇಲೂ ವಿದ್ಯುತ್ ಹಿಡಿದಿಟ್ಟಿರುವುದರಿಂದ, ಹೊರಘಟಕದ ಮುಚ್ಚಳವನ್ನು ಮನೆಯವರು ತೆರೆಯತಕ್ಕದ್ದಲ್ಲ.

ಬಳಕೆಯ ವಿಚಾರದಲ್ಲಿ, ಉಷ್ಣತೆಯನ್ನು ಒಂದು ಡಿಗ್ರಿ ಹೆಚ್ಚಿಸಿದರೆ ಸುಮಾರು ಶೇಕಡ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂದು ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. 2020ರ ಜನವರಿ 1ರಿಂದ ತಾರಾ ಗುರುತಿನ ಕೊಠಡಿ ಹವಾನಿಯಂತ್ರಕಗಳು 24 ಡಿಗ್ರಿಯಲ್ಲಿಯೇ ಆರಂಭವಾಗಬೇಕೆಂಬ ನಿಯಮ ಬಂದಿದೆ. ಅಂದ ಹಾಗೆ, ಗಾಳಿ ಒಣಗಿರುವ ಮಾರ್ಚ್‌ನಿಂದ ಮೇ ವರೆಗೆ ಈ ಭಾಗದಲ್ಲಿ ನೀರಿನ ಏರ್‌ಕೂಲರ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಹಗಲಿಗೆ ಅಂಗಡಿಯಲ್ಲಿ ಕೂಲರ್, ರಾತ್ರಿಗೆ ಮನೆಯಲ್ಲಿ ಹವಾನಿಯಂತ್ರಕ ಎಂಬ ಏರ್ಪಾಡು ಬುದ್ಧಿವಂತಿಕೆಯದು. ಮುಂಗಾರು ಬಂದು ಗಾಳಿಯಲ್ಲಿ ತೇವ ಹೆಚ್ಚಿದ ಮೇಲೆ ಕೂಲರಿನಿಂದ ಪ್ರಯೋಜನವಿಲ್ಲ.

ಚಳಿಗಾಲಕ್ಕೆ ಯಂತ್ರವನ್ನು ನಿಲ್ಲಿಸುವಾಗ ಎರಡು ಮೂರು ಗಂಟೆ ಫ್ಯಾನ್ ಮಾತ್ರ ಓಡಿಸಿ ಒಳಗಿನ ತೇವ ಆರಿಸಬೇಕು. ಹೊರಘಟಕವನ್ನು ಪ್ಲಾಸ್ಟಿಕ್‌ನಿಂದ ಪೂರ್ಣ ಸುತ್ತಿದರೆ ತೇವ ನಿಂತು ತುಕ್ಕು ಹಿಡಿಯುತ್ತದೆ, ಇಲಿಗಳಿಗೂ ಬೆಚ್ಚನೆಯ ಮನೆಯಾಗುತ್ತದೆ. ಮೇಲ್ಭಾಗಕ್ಕೆ ಮಾತ್ರ ಹೊದಿಕೆ ಸಾಕು. ಧಾನ್ಯದ ದಾಸ್ತಾನು ಇರುವ ಕಡೆ ಇಲಿ ಕಡಿದ ತಂತಿ, ಸರ್ಕ್ಯೂಟ್ ಬೋರ್ಡಿನ ಮೇಲೆ ಸತ್ತ ಹಲ್ಲಿ ಮುಂದಿನ ಬೇಸಿಗೆಯ ಮೊದಲ ರಿಪೇರಿಗೆ ಕಾರಣವಾಗುವುದುಂಟು. ತಂತಿ ಒಳಹೋಗುವ ರಂಧ್ರಗಳನ್ನು ಪುಟ್ಟಿಯಿಂದ ಮುಚ್ಚಬೇಕು.

ಇಷ್ಟೆಲ್ಲ ಕೆಲಸಕ್ಕೆ ಸಮೀಪದಲ್ಲಿಯೇ ತರಬೇತಿ ಪಡೆದವರು ಬೇಕು. ಕೈಗಾರಿಕಾ ತರಬೇತಿ ಸಂಸ್ಥೆಗಳ ಪಠ್ಯಕ್ರಮದಲ್ಲಿ ಶೈತ್ಯೀಕರಣ ಮತ್ತು ಹವಾನಿಯಂತ್ರಣದ ಎರಡು ವರ್ಷಗಳ ವೃತ್ತಿ ಶಿಕ್ಷಣವಿದೆ. ವ್ಯಾಕ್ಯೂಮ್ ಪಂಪ್, ತೂಕದ ಯಂತ್ರ, ನೈಟ್ರೋಜನ್ ಸಿಲಿಂಡರ್‌ಗಳನ್ನು ಒಬ್ಬ ಯುವಕ ಏಕಾಂಗಿಯಾಗಿ ಕೊಳ್ಳುವುದು ಕಷ್ಟ. ಒಂದೇ ಬೀದಿಯ ಹತ್ತಿಪ್ಪತ್ತು ವರ್ತಕರು ಒಟ್ಟಾಗಿ ಅಂಥವನೊಡನೆ ವಾರ್ಷಿಕ ನಿರ್ವಹಣಾ ಒಪ್ಪಂದ ಮಾಡಿಕೊಂಡು, ಫೆಬ್ರುವರಿಯಲ್ಲಿಯೇ ಅರ್ಧ ಹಣ ಮುಂಗಡ ಕೊಟ್ಟರೆ ಅವನಿಗೆ ಉಪಕರಣ ಕೊಳ್ಳಲು ಬಂಡವಾಳ ದೊರೆಯುತ್ತದೆ. ಒಪ್ಪಂದದ ಪತ್ರದಲ್ಲಿ ಎಷ್ಟು ಸಲ ತೊಳೆಯುವುದು, ತುಂಬಿದ ಅನಿಲದ ಹೆಸರು ಮತ್ತು ತೂಕವನ್ನು ಬಿಲ್ಲಿನಲ್ಲಿ ಬರೆಯುವುದು, ಅದೇ ಸೋರಿಕೆ ಮರುಕಳಿಸಿದರೆ ಖರ್ಚು ಯಾರದು ಎಂಬ ಮೂರು ಅಂಶಗಳು ಸ್ಪಷ್ಟವಾಗಿರಬೇಕು.