ಚೈತ್ರಕ್ಕೂ ಒಪ್ಪಬೇಕು, ಪ್ರಾಯಕ್ಕೂ ಒಪ್ಪಬೇಕು

ಯುಗಾದಿ ಹತ್ತಿರ ಬಂತೆಂದರೆ ಬಟ್ಟೆ ಅಂಗಡಿಗಳಲ್ಲಿ ನಲವತ್ತೈದು ದಾಟಿದ ಹೆಂಗಸರ ಬಾಯಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ‘ಈ ಬಣ್ಣ ನನ್ನ ವಯಸ್ಸಿಗೆ ಜಾಸ್ತಿಯಾಯ್ತೇನೋ?’ ಮಾವಿನ ಚಿಗುರಿನ ಕೆಂಪು, ಬೇವಿನ ಎಳೆಹಸಿರು, ಹೊಂಗೆ ಹೂವಿನ ನಸುನೇರಳೆ ಎದುರಿಗೇ ಹರಡಿದ್ದರೂ ಕೈ ಬೂದು, ಕಂದು, ಮಾಸಲು ಬಣ್ಣಗಳ ಕಡೆಗೇ ಹೋಗುತ್ತದೆ.

ವಯಸ್ಸಿಗೆ ತಕ್ಕಂತೆ ಉಡುವುದೆಂದರೆ ಬಣ್ಣ ಬಿಟ್ಟುಕೊಡುವುದು ಎಂದು ಯಾರೋ ಹೇಳಿದ್ದನ್ನು ನಾವೂ ನಂಬಿಕೊಂಡು ಬಂದಿದ್ದೇವೆ. ಆದರೆ ವಯಸ್ಸಾದಂತೆ ಬದಲಾಗುವುದು ಮೈ. ಭುಜ ಕೊಂಚ ಮುಂದಕ್ಕೆ ಬಾಗುತ್ತದೆ, ಸೊಂಟ ಅಗಲವಾಗುತ್ತದೆ, ತೋಳಿನ ಬಿಗಿ ಸಡಿಲುತ್ತದೆ, ಮುಟ್ಟು ನಿಲ್ಲುವ ಕಾಲಕ್ಕೆ ಇದ್ದಕ್ಕಿದ್ದಂತೆ ಮೈ ಕಾವೇರಿ ಬೆವರುತ್ತದೆ. ಇದಕ್ಕೆಲ್ಲ ಪರಿಹಾರ ಇರುವುದು ಬಟ್ಟೆಯ ನೂಲು, ತೂಕ ಮತ್ತು ಹೊಲಿಗೆಯಲ್ಲಿ. ಈ ಮೂರನ್ನು ಸರಿಯಾಗಿ ಆರಿಸಿಕೊಂಡರೆ ಬಣ್ಣವನ್ನು ನಿಮ್ಮ ಮನಸ್ಸಿನಂತೆ ಉಡಬಹುದು.

ಮೊದಲು ನಿಮ್ಮೂರಿನ ಬಿಸಿಲು ನೋಡಿ

ಪಂಚಾಂಗದಲ್ಲಿ ಚೈತ್ರ, ವೈಶಾಖ ಎರಡೂ ವಸಂತವೇ. ಮೈಗೆ ಮಾತ್ರ ಆಗಲೇ ಬೇಸಿಗೆ. ಅದೂ ಎಲ್ಲ ಕಡೆ ಒಂದೇ ಬಗೆಯ ಬೇಸಿಗೆಯಲ್ಲ. ಕಲಬುರಗಿ, ರಾಯಚೂರು, ಬಾಗಲಕೋಟೆ ಕಡೆ ಬಿಸಿಲು ಒಣ. ಅಲ್ಲಿ ಬೆವರು ಬೇಗ ಆರುತ್ತದೆ, ಚರ್ಮ ಸುಡುತ್ತದೆ. ಹಾಗಾಗಿ ತೋಳು, ಬೆನ್ನು, ಕತ್ತು ಮುಚ್ಚುವ ಸಡಿಲ ಹತ್ತಿ ಬಟ್ಟೆ ಹಿತ. ನೇಯ್ಗೆ ತುಸು ದಪ್ಪವಿದ್ದರೂ ನಡೆಯುತ್ತದೆ. ಮಂಗಳೂರು, ಉಡುಪಿ, ಕಾರವಾರದಲ್ಲಿ ಗಾಳಿಯಲ್ಲೇ ನೀರು ತುಂಬಿರುವುದರಿಂದ ಬೆವರು ಆರುವುದೇ ಇಲ್ಲ. ಅಲ್ಲಿ ತೆಳು ನೂಲಿನ, ಮೈಗೆ ಅಂಟದ ಬಟ್ಟೆ ಬೇಕು. ಬೆಂಗಳೂರು, ಮೈಸೂರಿನಲ್ಲಿ ಏಪ್ರಿಲ್ ಸಂಜೆ ಮಾವಿನ ಹೊಯ್ಲು ಯಾವಾಗ ಸುರಿಯುತ್ತದೆಂದು ಹೇಳಲಾಗದು. ತೀರ ತೆಳು ಬಿಳಿ ಬಟ್ಟೆ ನೆನೆದರೆ ಮುಜುಗರ. ಅಚ್ಚು ಅಥವಾ ಚೌಕಳಿ ಇರುವ ಹತ್ತಿ ಅಲ್ಲಿಗೆ ಸರಿ.

ನೂಲು: ಲೇಬಲ್ಲಿಗಿಂತ ಬೆರಳನ್ನು ನಂಬಿ

ಸಾಧಾರಣ ಹವೆಯಲ್ಲಿ ನೂರು ಗ್ರಾಂ ಹತ್ತಿ ಸುಮಾರು 8 ಗ್ರಾಂ ತೇವವನ್ನು ಹೀರಿ ಹಿಡಿದುಕೊಳ್ಳುತ್ತದೆ. ಪಾಲಿಯೆಸ್ಟರ್ ಹಿಡಿಯುವುದು ಅರ್ಧ ಗ್ರಾಂ ಕೂಡ ಇಲ್ಲ. ಹೀಗಾಗಿ ಪಾಲಿಯೆಸ್ಟರ್ ಬೆರೆತ ಸೀರೆಯುಟ್ಟರೆ ಬೆವರು ಬಟ್ಟೆಗೆ ಹೋಗದೆ ಚರ್ಮದ ಮೇಲೇ ನಿಲ್ಲುತ್ತದೆ. ಲಿನನ್ ಹತ್ತಿಗಿಂತ ಹೆಚ್ಚು ತೇವ ಹೀರುತ್ತದೆ, ಬೇಗ ಆರುತ್ತದೆ. ಆದರೆ ಸುಕ್ಕು ಬೀಳುತ್ತದೆ. ಆ ಸುಕ್ಕನ್ನು ಒಪ್ಪಿಕೊಳ್ಳುವವರಿಗೆ ಅದು ಒಳ್ಳೆಯ ಬಟ್ಟೆ. ರೇಯಾನ್ ಕೂಡ ತೇವ ಹೀರುತ್ತದೆ, ಜಾರುವಂತೆ ಮೃದುವಾಗಿರುತ್ತದೆ. ಆದರೆ ನೆನೆದಾಗ ಅದರ ಬಲ ಕುಗ್ಗುತ್ತದೆ. ಗಟ್ಟಿಯಾಗಿ ಹಿಂಡಿದರೆ ಬಾಳಿಕೆ ಕಡಿಮೆ.

ಅಂಗಡಿಯಲ್ಲಿ ‘ಎಷ್ಟು ಕೌಂಟ್?’ ಎಂದು ಕೇಳುವುದನ್ನು ರೂಢಿ ಮಾಡಿಕೊಳ್ಳಿ. ಕೌಂಟ್ ಎಂದರೆ ನೂಲಿನ ನಯದ ಅಳತೆ. ಒಂದು ಪೌಂಡ್ ತೂಕದಲ್ಲಿ 840 ಗಜದ ಎಷ್ಟು ಲಡಿಗಳು ಸಿಗುತ್ತವೆ ಎಂಬ ಲೆಕ್ಕ ಅದು. ಅಂಕಿ ಏರಿದಂತೆ ನೂಲು ತೆಳುವಾಗುತ್ತದೆ. 40ರ ನೂಲಿನ ಸೀರೆ ಕೈಗೆ ದಪ್ಪ ಎನಿಸುತ್ತದೆ, 80ರದ್ದು ಹಗುರ, 100ರದ್ದು ಇನ್ನೂ ನಯ. ದಿನವಿಡೀ ಕೆಲಸ ಮಾಡುವವರಿಗೆ 60ರಿಂದ 80ರ ನಡುವಿನದು ಅನುಕೂಲ. ನೆರಿಗೆ ನಿಲ್ಲುತ್ತದೆ, ಭಾರವೂ ಆಗದು.

ಹತ್ತಿ ಅಪ್ಪಟವೇ ಎಂಬುದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಕುಚ್ಚಿನಿಂದ ಎರಡು ಎಳೆ ಕಿತ್ತು ತಟ್ಟೆಯ ಮೇಲೆ ಕಡ್ಡಿ ಗೀರಿ ಸುಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಉಳಿಯುತ್ತದೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ಕರಗಿ ಗಟ್ಟಿ ಮಣಿಯಾದರೆ ಅದರಲ್ಲಿ ಪಾಲಿಯೆಸ್ಟರ್ ಇದೆ. ಹಾಸು (ಉದ್ದದ ಎಳೆ), ಹೊಕ್ಕು (ಅಡ್ಡದ ಎಳೆ) ಎರಡೂ ಕಡೆಯ ಎಳೆಗಳನ್ನು ಬೇರೆ ಬೇರೆಯಾಗಿ ಸುಟ್ಟು ನೋಡಿ. ಬೆರಕೆ ಒಂದರಲ್ಲಿ ಮಾತ್ರ ಇರುವುದುಂಟು. ಕೈಮಗ್ಗದ ಬಟ್ಟೆಗೆ 2006ರಿಂದ ‘ಹ್ಯಾಂಡ್‌ಲೂಮ್ ಮಾರ್ಕ್’ ಚೀಟಿ ಬಂದಿದೆ. ರಾಜ್ಯದ ಕೈಮಗ್ಗ ಅಭಿವೃದ್ಧಿ ನಿಗಮದ ‘ಪ್ರಿಯದರ್ಶಿನಿ’ ಮಳಿಗೆಗಳಲ್ಲೂ ನೇಕಾರರ ಸಹಕಾರ ಸಂಘಗಳಲ್ಲೂ ಕೇಳಿ, ಮುಟ್ಟಿ, ಕೊಳ್ಳಬಹುದು.

ಸೀರೆ: ನಮ್ಮ ನೆಲದ ಎರಡು ಉತ್ತರ

ಕರಾವಳಿಯ ಸೆಕೆಗೆಂದೇ ರೂಪುಗೊಂಡದ್ದು ಉಡುಪಿ ಸೀರೆ. ತೆಳು ಹತ್ತಿ ನೂಲು, ಸರಳ ಒಡಲು ಅಥವಾ ಸಣ್ಣ ಚೌಕಳಿ, ಬೇರೆ ಬಣ್ಣದ ಅಂಚು, ಅದಕ್ಕೊಪ್ಪುವ ಸೆರಗು. ಹೆಚ್ಚು ಅಲಂಕಾರವಿಲ್ಲ, ಅದೇ ಅದರ ಚೆಂದ. ಇದಕ್ಕೆ ಭೌಗೋಳಿಕ ಸೂಚಕ ಮಾನ್ಯತೆಯಿದೆ. ಒಂದು ಹಂತದಲ್ಲಿ ನೇಯುವವರೇ ಬೆರಳೆಣಿಕೆಯಷ್ಟು ಮಂದಿ ಉಳಿದಿದ್ದ ಈ ಸೀರೆಗೆ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದಂಥ ಕಡೆಗಳಲ್ಲಿ ಮತ್ತೆ ಜೀವ ಬಂದಿದೆ. ಭುಜನೋವು, ಬೆನ್ನುನೋವು ಇರುವವರಿಗೆ ಇದರ ಹಗುರತನವೇ ದೊಡ್ಡ ಲಾಭ.

ಬಯಲುಸೀಮೆಯ ಉತ್ತರ ಇಳಕಲ್ಲ ಸೀರೆ. ಒಡಲು ಹೆಚ್ಚಾಗಿ ಹತ್ತಿ, ಸೆರಗು ಕೆಂಪು. ಒಡಲು ಮುಗಿದು ಸೆರಗು ಶುರುವಾಗುವ ಜಾಗವನ್ನು ಹತ್ತಿರದಿಂದ ನೋಡಿ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಮಗ್ಗದ ಮೇಲೆ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸಿರುತ್ತಾರೆ. ಅದೇ ತೋಪುತೆನಿ. ಹೀಗೆ ಸೇರಿಸಿದ್ದರಿಂದಲೇ ಸೆರಗಿನ ಕೆಂಪು ಒಡಲಿನ ಬಣ್ಣದೊಂದಿಗೆ ಬೆರೆಯದೆ ತುಂಬಿಕೊಂಡು ನಿಲ್ಲುತ್ತದೆ. ಒಡಲು ಎಷ್ಟೇ ಶಾಂತ ಬಣ್ಣದ್ದಿರಲಿ, ಆ ಸೆರಗು ಭುಜದ ಮೇಲೆ ಬಂದಾಗ ಮುಖಕ್ಕೆ ಕಳೆ ಬರುತ್ತದೆ. ನಡುವಯಸ್ಸಿಗೆ ಇದಕ್ಕಿಂತ ಒಪ್ಪುವ ಸೀರೆ ನಾನು ಕಾಣೆ. ಒಡಲಿಗೆ ಕಡುನೀಲಿ, ದಾಳಿಂಬೆ ಕೆಂಪು, ಎಲೆಹಸಿರು ಯಾವುದನ್ನಾದರೂ ಧೈರ್ಯವಾಗಿ ಆರಿಸಿ. ಹಗಲಿನ ಬಳಕೆಗೆ ಒಡಲು ಪೂರ್ತಿ ಹತ್ತಿಯದೇ ಎಂಬುದನ್ನು ಖಚಿತಪಡಿಸಿಕೊಳ್ಳಿ.

ಮದುವೆಯ ಸಂಜೆಗೆ ದಪ್ಪ ಜರಿಯ ಸೀರೆಯೇ ಆಗಬೇಕಿಲ್ಲ. 1912ರಲ್ಲಿ ಶುರುವಾದ ಮೈಸೂರಿನ ರೇಷ್ಮೆ ಕಾರ್ಖಾನೆಯ ಕ್ರೇಪ್ ಸೀರೆ ಮೈಗೆ ಸೆಟೆಯದೆ ಇಳಿಬೀಳುತ್ತದೆ. ಸೊಂಟದ ಬಳಿ ಉಬ್ಬಿ ನಿಲ್ಲುವುದಿಲ್ಲವಾದ್ದರಿಂದ ಮೈತುಂಬಿಕೊಂಡವರಿಗೂ ಒಪ್ಪುತ್ತದೆ.

ಅಂಚಿನ ಅಗಲ ಎತ್ತರಕ್ಕೆ ಹೊಂದಬೇಕು. ಗಿಡ್ಡವಿರುವವರಿಗೆ ಎರಡು ಮೂರು ಇಂಚಿನ ಅಂಚು ಸಾಕು. ಅಂಗೈಯಗಲದ ಅಂಚು ದೇಹವನ್ನು ಅಡ್ಡಕ್ಕೆ ಕತ್ತರಿಸಿ ಇನ್ನೂ ಕುಳ್ಳಗೆ ತೋರಿಸುತ್ತದೆ. ಎತ್ತರವಿದ್ದವರಿಗೆ ಅಗಲ ಅಂಚೇ ಶೋಭೆ.

ರವಿಕೆ: ಅಂದವೆಲ್ಲ ಕಂಕುಳಲ್ಲಿ

ಸಾವಿರಾರು ರೂಪಾಯಿಯ ಸೀರೆಗೆ ಅವಸರದಲ್ಲಿ ಹೊಲಿಸಿದ ರವಿಕೆ ತೊಟ್ಟರೆ ಇಡೀ ಉಡುಗೆ ಕೆಡುತ್ತದೆ. ಹತ್ತು ವರ್ಷದ ಹಿಂದಿನ ಅಳತೆ ರವಿಕೆಯನ್ನೇ ಟೈಲರ್‌ಗೆ ಕೊಡುವುದನ್ನು ಮೊದಲು ನಿಲ್ಲಿಸಿ. ಮೈಯಳತೆಯನ್ನು ಹೊಸದಾಗಿ ತೆಗೆಸಿ.

ಕಂಕುಳ ಸುತ್ತು ದೊಡ್ಡದಿಟ್ಟರೆ ಆರಾಮ ಎಂದು ಬಹಳ ಮಂದಿ ತಿಳಿದಿದ್ದಾರೆ. ಆಗುವುದು ಉಲ್ಟಾ. ತೋಳಿನ ಜೋಡಣೆ ಕಂಕುಳಿಂದ ತೀರ ಕೆಳಗಿದ್ದರೆ, ಕೈ ಎತ್ತಿದಾಗ ತೋಳಿನ ಜೊತೆ ಪಕ್ಕೆಯ ಬಟ್ಟೆಯೂ ಮೇಲಕ್ಕೆ ಬರುತ್ತದೆ, ರವಿಕೆ ಇಡಿಯಾಗಿ ಎದ್ದು ಸೊಂಟ ಕಾಣುತ್ತದೆ. ಜೋಡಣೆ ಕಂಕುಳಿಗೆ ಹತ್ತಿರವಿದ್ದು ತೋಳಿನ ಬಟ್ಟೆ ಸಡಿಲವಿದ್ದರೆ ಕೈ ಮಾತ್ರ ಮೇಲೇಳುತ್ತದೆ, ರವಿಕೆ ಇದ್ದಲ್ಲೇ ಇರುತ್ತದೆ. ಟ್ರಯಲ್ ನೋಡುವಾಗ ಕನ್ನಡಿ ಮುಂದೆ ಸುಮ್ಮನೆ ನಿಲ್ಲಬೇಡಿ. ಅಟ್ಟದ ಮೇಲಿನ ಡಬ್ಬಿ ಇಳಿಸುವವರಂತೆ ಎರಡೂ ಕೈ ಎತ್ತಿ, ಆಮೇಲೆ ಬಗ್ಗಿ, ಕೂತು ನೋಡಿ. ಆಗಲೇ ತಪ್ಪು ಗೊತ್ತಾಗುವುದು.

ತೋಳಿನ ಉದ್ದಕ್ಕೂ ಒಂದು ಲೆಕ್ಕವಿದೆ. ಬಟ್ಟೆ ಎಲ್ಲಿ ಮುಗಿಯುತ್ತದೋ ಕಣ್ಣು ಅಲ್ಲಿ ನಿಲ್ಲುತ್ತದೆ. ತೋಳಿನ ದಪ್ಪ ಭಾಗದಲ್ಲಿ ಮುಗಿಸಿದರೆ ದಪ್ಪವೇ ಎದ್ದುಕಾಣುತ್ತದೆ. ಮೊಣಕೈಗೆ ಒಂದಿಂಚು ಮೇಲೆ ಅಥವಾ ಮೊಣಕೈ ದಾಟಿ ಮುಗಿದರೆ ತೋಳು ನೀಳವಾಗಿ ಕಾಣುತ್ತದೆ. ಕತ್ತು ಗಿಡ್ಡವಿದ್ದವರಿಗೆ ವಿ ಆಕಾರದ ಕೊರಳು, ಕೊರಳೆಲುಬು ಎದ್ದುಕಾಣುವವರಿಗೆ ದೋಣಿಯಾಕಾರ ಒಪ್ಪುತ್ತದೆ. ಭುಜ ಹಿಡಿದುಕೊಂಡವರು ಹಿಂದೆ ಹುಕ್ಕಿನ ಬದಲು ಮುಂದೆ ಹುಕ್ಕು ಇಡಿಸಿಕೊಳ್ಳಿ. ಲೈನಿಂಗ್ ಹತ್ತಿಯದೇ ಇರಲಿ, ಹೊಲಿಯುವ ಮೊದಲು ಅದನ್ನೂ ಸೀರೆಯ ಫಾಲನ್ನೂ ನೀರಲ್ಲಿ ನೆನೆಸಿ ಒಣಗಿಸಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ ಮೇಲಿನ ಬಟ್ಟೆಯನ್ನು ಸುಕ್ಕುಗಟ್ಟಿಸುತ್ತದೆ. ಪಕ್ಕೆಯ ಒಳಹೊಲಿಗೆಯಲ್ಲಿ ಒಂದಿಂಚು ಬಟ್ಟೆ ಬಿಡಿಸಿದರೆ ಮುಂದೆ ಬಿಚ್ಚಿಕೊಳ್ಳಬಹುದು.

ಸರಳ ಹತ್ತಿ ಸೀರೆಗೆ ಗುಳೇದಗುಡ್ಡದ ಖಣದ ರವಿಕೆ ತೊಟ್ಟು ನೋಡಿ. ಸಣ್ಣ ಬುಟ್ಟಾ, ತುಂಬಿದ ನೇಯ್ಗೆ, ಗಾಢ ಬಣ್ಣ. ಒಡವೆ ಕಡಿಮೆಯಿದ್ದರೂ ಉಡುಗೆ ತುಂಬಿದಂತಿರುತ್ತದೆ. ಲಂಗವೂ ಹತ್ತಿಯದೇ ಆಗಬೇಕು. ಲಾಡಿ ಬಿಗಿದು ಸೊಂಟ ಉರಿಯುವವರು ಎರಡಿಂಚು ಅಗಲದ ಪಟ್ಟಿ ಹೊಲಿಸಿ ಪಕ್ಕಕ್ಕೆ ಹುಕ್ಕು ಹಾಕಿಸಿಕೊಳ್ಳಿ.

ಕುರ್ತಾ ತೊಡುವವರಿಗೆ

ರೆಡಿಮೇಡ್ ಕುರ್ತಾ ಆರಿಸುವಾಗ ಸೈಜಿನ ಅಂಕಿ ನೋಡುವ ಮೊದಲು ಭುಜದ ಹೊಲಿಗೆ ನೋಡಿ. ಅದು ಭುಜದ ಎಲುಬಿನ ತುದಿಗೆ ಸರಿಯಾಗಿ ಕೂರಬೇಕು. ಭುಜ ಸರಿಯಿದ್ದರೆ ಉಳಿದ ಕಡೆ ಹಿಡಿಸಬಹುದು, ಬಿಡಿಸಬಹುದು. ಭುಜ ಇಳಿಬಿದ್ದರೆ ಸರಿಮಾಡುವುದು ಕಷ್ಟ. ಹೊಟ್ಟೆ ಮುಚ್ಚಲೆಂದು ಎರಡು ಸೈಜ್ ದೊಡ್ಡದು ಕೊಂಡರೆ ಮೈ ಇನ್ನೂ ದೊಡ್ಡದಾಗಿ ಕಾಣುತ್ತದೆ. ಎದೆಯ ಹತ್ತಿರ ಹದವಾಗಿದ್ದು ಕೆಳಗೆ ಅಗಲವಾಗುತ್ತ ಹೋಗುವ ಎ-ಲೈನ್ ಹೊಲಿಗೆ ಒಳ್ಳೆಯದು. ಪಕ್ಕದ ಸೀಳು ಸೊಂಟದ ಅಗಲ ಭಾಗಕ್ಕಿಂತ ಮೇಲೆಯೇ ಶುರುವಾದರೆ ಕೂತಾಗ ಬಟ್ಟೆ ಎಳೆಯುವುದಿಲ್ಲ.

ಮಲ್ಮಲ್ ಬಟ್ಟೆಯ ಮೇಲೆ ಅಚ್ಚೊತ್ತಿದ ಕುರ್ತಾ ಮನೆಗೂ ಪೇಟೆಗೂ, ನೇರ ಹೊಲಿಗೆಯ ಹತ್ತಿ ಇಕ್ಕತ್ ಕಚೇರಿಗೂ ಹೊಂದುತ್ತವೆ. ಕೆಳಗೆ ಬಿಗಿ ಲೆಗಿಂಗ್ಸ್ ಬದಲು ಹತ್ತಿಯ ನೇರ ಪ್ಯಾಂಟ್ ಹಾಕಿದರೆ ಗಾಳಿಯಾಡುತ್ತದೆ, ಮಂಡಿ ಮಡಚಲೂ ಸಲೀಸು. ಚಪ್ಪಲಿಗೆ ಹಿಂದೆ ಪಟ್ಟಿಯಿದ್ದು ಅಡಿ ಮೆತ್ತಗಿರಲಿ. ಬೇಸಿಗೆಯಲ್ಲಿ ಪಾದ ಊದಿಕೊಳ್ಳುವುದರಿಂದ ಚಪ್ಪಲಿಯನ್ನು ಸಂಜೆ ಹೊತ್ತು ಕೊಳ್ಳಿ.

ಬಣ್ಣ: ಮುಖದ ಹತ್ತಿರ ಹಿಡಿದು ನೋಡಿ

ಬಣ್ಣವನ್ನು ಅಂಗಡಿಯ ದೀಪದಲ್ಲಿ ನಿರ್ಧರಿಸಬೇಡಿ. ಬಾಗಿಲ ಬಳಿ ಬಂದು, ಹಗಲು ಬೆಳಕಿನಲ್ಲಿ ಬಟ್ಟೆಯನ್ನು ಗಲ್ಲದ ಕೆಳಗೆ ಹಿಡಿದು ನೋಡಿ. ಕಣ್ಣಡಿಯ ಕಪ್ಪು ಹೆಚ್ಚಾಗಿ ಕಂಡರೆ ಆ ಬಣ್ಣ ಮುಖದ ಹತ್ತಿರ ಬೇಡ. ಅಂಚಿನಲ್ಲೋ ಪ್ಯಾಂಟಿನಲ್ಲೋ ಇರಲಿ. ಕೂದಲು ನರೆತಾಗ ಮುಖದ ಸುತ್ತಲಿನ ಬಣ್ಣವೇ ಬದಲಾಗುತ್ತದೆ. ಮೊದಲು ಒಪ್ಪುತ್ತಿದ್ದ ಬೂದು ಈಗ ಮುಖವನ್ನು ಕಳಾಹೀನ ಮಾಡಬಹುದು. ಬೆಳ್ಳಿಗೂದಲಿಗೆ ನವಿಲುನೀಲಿ, ರಾಣಿ ಬಣ್ಣ, ಎಲೆಹಸಿರು ಚೆನ್ನಾಗಿ ಹೊಂದುತ್ತವೆ.

ಮುಡಿಗೆ ಮಲ್ಲಿಗೆ ಇದೇ ಕಾಲದ್ದು. ಮೈಸೂರು, ಉಡುಪಿ, ಹಡಗಲಿ ಮೂರೂ ಮಲ್ಲಿಗೆಗೆ ಭೌಗೋಳಿಕ ಸೂಚಕ ಮಾನ್ಯತೆಯಿದೆ. ಒಂದು ಮೊಳ ಮುಡಿದವರಿಗೆ ದೊಡ್ಡ ಜುಮುಕಿ ಬೇಕಾಗುವುದಿಲ್ಲ.

ಗಂಜಿ, ಒಗೆತ, ಮಡಿಕೆ

ಬೇಸಿಗೆಯಲ್ಲಿ ಗಂಜಿ ತೆಳುವಾಗಿರಲಿ. ದಪ್ಪ ಗಂಜಿ ಎಳೆಗಳ ನಡುವಿನ ಕಂಡಿಗಳನ್ನು ಮುಚ್ಚಿ ಗಾಳಿಯನ್ನು ತಡೆಯುತ್ತದೆ. ಹೊಸ ಹತ್ತಿ ಬಟ್ಟೆಯನ್ನು ತಣ್ಣೀರಿನಲ್ಲಿ ಬೇರೆಯಾಗಿ ಒಗೆದು, ಒಳಮೈ ಹೊರಗೆ ತಿರುವಿ, ನೆರಳಲ್ಲಿ ಒಣಗಿಸಿ. ಬೆವರಿದ ಸೀರೆ, ರವಿಕೆಯನ್ನು ಹಾಗೆಯೇ ಮಡಚಿಡಬೇಡಿ. ಉಪ್ಪು ಕೂತು ಕಲೆಯಾಗುತ್ತದೆ, ಜರಿ ಕಪ್ಪಾಗುತ್ತದೆ.

ಯಾವುದು ಮೊದಲು?

ಹಣ ಹಾಕುವ ಕ್ರಮ ಹೀಗಿರಲಿ. ಮೊದಲು ಎರಡು ಹತ್ತಿ ಲಂಗ, ಹೊಸ ಅಳತೆಯ ಎರಡು ರವಿಕೆ. ಇವು ಸರಿಯಾದರೆ ಬೀರುವಿನಲ್ಲಿರುವ ಅರ್ಧದಷ್ಟು ಸೀರೆಗಳು ಮತ್ತೆ ಬಳಕೆಗೆ ಬರುತ್ತವೆ. ನಂತರ ನಿತ್ಯಕ್ಕೆ ಎರಡು ಕುರ್ತಾ. ಉಳಿದ ಹಣದಲ್ಲಿ ಒಂದೇ ಒಂದು ಕೈಮಗ್ಗದ ಸೀರೆ. ಅದನ್ನು ಆರಿಸುವಾಗ ನೂಲು ಕೇಳಿ, ತೂಕ ನೋಡಿ, ಭುಜದ ಮೇಲೆ ಹಾಕಿ ನೋಡಿ. ಈ ಮೂರೂ ಒಪ್ಪಿದ ಮೇಲೆ ಬಣ್ಣ ಜಾಸ್ತಿಯಾಯಿತೇ ಎಂದು ಯಾರನ್ನೂ ಕೇಳದೆ ಬಿಲ್ ಹಾಕಿಸಿ.