ಮಗು ಉಗುಳದ ಮಾತ್ರೆ

ಬಜೆಯ ತುಂಡನ್ನು ಸಾಣೆಕಲ್ಲಿನ ಮೇಲೆ ಒಂದೆರಡು ಸುತ್ತು ತೇಯ್ದು, ಎದೆಹಾಲಿನಲ್ಲಿ ಕಲಸಿ ಕೂಸಿನ ನಾಲಿಗೆಗೆ ಸವರುವ ಅಜ್ಜಿಯರು ಕುಂದಾಪುರ, ಬೈಂದೂರು, ಬ್ರಹ್ಮಾವರದ ಮನೆಗಳಲ್ಲಿ ಇನ್ನೂ ಇದ್ದಾರೆ. ಕೂಸು ಮುಖ ಕಿವುಚಿದರೆ "ಒಂಚೂರ್ ನುಂಗ್ ಮಗಾ, ಬೆಲ್ಲ ಕೊಡ್ತೆ" ಎನ್ನುತ್ತಾರೆ. ಉಗುಳಿದರೂ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಎಚ್‌ಐವಿ ಇರುವ ಮಗು ಔಷಧ ಉಗುಳಿದರೆ ಮಾತ್ರ ಸಂಗತಿ ಬೇರೆ. ರಕ್ತದಲ್ಲಿ ಔಷಧದ ಮಟ್ಟ ಇಳಿದಂತೆ ವೈರಸ್ ಮತ್ತೆ ಹೆಚ್ಚುತ್ತದೆ. ಹಾಗೆ ಹೆಚ್ಚುವಾಗಲೇ ಆ ಔಷಧಕ್ಕೆ ಬಗ್ಗದ ತಳಿ ಹುಟ್ಟಿಕೊಳ್ಳುತ್ತದೆ. ತಾಯಿಯಿಂದ ಸೋಂಕು ಬಂದ ಕೂಸುಗಳಿಗೆ ಚಿಕಿತ್ಸೆಯೇ ಸಿಗದಿದ್ದರೆ ಅರ್ಧದಷ್ಟು ಎರಡು ವರ್ಷ ತುಂಬುವ ಮೊದಲೇ ತೀರಿಹೋಗುತ್ತವೆ.

ನಮ್ಮ ಸರಕಾರ ಎಚ್‌ಐವಿಯನ್ನು ಹತ್ತಿಕ್ಕುವ ಔಷಧಗಳ ಚಿಕಿತ್ಸೆಯನ್ನು (ಎಆರ್‌ಟಿ) ಉಚಿತವಾಗಿ ಶುರುಮಾಡಿದ್ದು 2004ರ ಏಪ್ರಿಲ್‌ನಲ್ಲಿ. ಮಕ್ಕಳಿಗೆಂದೇ ರಾಷ್ಟ್ರೀಯ ಯೋಜನೆ ಬಂದದ್ದು 2006ರ ಕೊನೆಗೆ. ಪುಟ್ಟ ಕೂಸುಗಳಿಗೆ ಬಹಳ ಕಾಲ ಕೊಡುತ್ತಿದ್ದ ಔಷಧಗಳಲ್ಲೊಂದು ಲೋಪಿನಾವಿರ್-ರಿಟೊನಾವಿರ್ ಸಿರಪ್. ಇವೆರಡೂ ನೀರಿಗೆ ಸುಲಭವಾಗಿ ಕರಗುವುದಿಲ್ಲ. ಕರಗಿಸಲೆಂದು ಆ ಸಿರಪ್‌ನಲ್ಲಿ ಶೇ. 42.4ರಷ್ಟು ಆಲ್ಕೋಹಾಲ್ ಇತ್ತು. ಹೆಚ್ಚುಕಡಿಮೆ ಬ್ರಾಂದಿ ಬಾಟಲಿಯಲ್ಲಿರುವಷ್ಟೇ! ಅದರ ಕಹಿ ಬೆಲ್ಲಕ್ಕೂ ಜಗ್ಗುವಂಥದ್ದಲ್ಲ. ದಿನಕ್ಕೆರಡು ಸಲ ಕುಡಿಸಬೇಕು, ತಂಪಿನಲ್ಲಿಡಬೇಕು. ಆಷಾಢದ ಗಾಳಿಗೆ ಮರ ಬಿದ್ದು ಎರಡು ದಿನ ಕರೆಂಟಿಲ್ಲದ ಮನೆಯಲ್ಲಿ ತಂಪು ಎಲ್ಲಿಂದ ತರುವುದು? ಬೈಂದೂರಿನ ಒಳಹಳ್ಳಿಯಿಂದ ಬಸ್ಸಿನಲ್ಲಿ ಹೋಗಿ ಬಾಟಲಿ ತಂದರೆ, "ಮಗುವಿಗೆ ಎಂತ ಆಯ್ತ್?" ಎಂಬ ಪ್ರಶ್ನೆಗೂ ಉತ್ತರ ಹುಡುಕಬೇಕು.

ದೊಡ್ಡವರ ಮಾತ್ರೆಯನ್ನೇ ಕುಟ್ಟಿ ಕೊಡಬಾರದೇ? 2011ರಲ್ಲಿ ಮಕ್ಕಳ ಮೇಲೆ ನಡೆದ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿತು. ಇದೇ ಲೋಪಿನಾವಿರ್ ಮಾತ್ರೆಯನ್ನು ಪುಡಿಮಾಡಿ ಕೊಟ್ಟಾಗ ರಕ್ತ ಸೇರಿದ ಔಷಧ ಅರ್ಧದಷ್ಟು ಕುಸಿದಿತ್ತು. ನುಂಗಿದ್ದು ಪೂರ್ತಿ, ದಕ್ಕಿದ್ದು ಅರ್ಧ. 2015ರಲ್ಲಿ ಸಿಪ್ಲಾ ಕಂಪನಿ ಈ ಔಷಧವನ್ನು ಸಾಬಕ್ಕಿಗಿಂತ ಸಣ್ಣ ಕಾಳುಗಳಾಗಿ ತಂದಿತು. ಮೆತ್ತನೆಯ ಗಂಜಿಯ ಮೇಲೆ ಉದುರಿಸಿ ತಿನ್ನಿಸಬಹುದು, ಫ್ರಿಜ್ ಬೇಡ. ಆದರೆ ಮಗು ಕಾಳನ್ನು ಅಗಿದರೆ ಕಹಿ ಮತ್ತೆ ಬಾಯಿಗೆ ಬಂತು.

ದೊಡ್ಡ ಬದಲಾವಣೆ ಆದದ್ದು 2020ರಲ್ಲಿ. ನೀರಿನಲ್ಲಿ ಕದಡಿಕೊಳ್ಳುವ, ಸ್ಟ್ರಾಬೆರಿ ರುಚಿಯ, ಡೊಲುಟೆಗ್ರಾವಿರ್ ಎಂಬ ಬೇರೆಯೇ ಎಚ್‌ಐವಿ ಔಷಧದ 10 ಮಿ.ಗ್ರಾಂ. ಮಾತ್ರೆ ಬಂತು. (ನಮ್ಮ ಮಕ್ಕಳನ್ನು ಕೇಳಿದ್ದರೆ ಮಾವಿನಹಣ್ಣಿನ ರುಚಿ ಎನ್ನುತ್ತಿದ್ದರು.) ಜೆನೆರಿಕ್ ಆವೃತ್ತಿಯ ಬೆಲೆ ಆಗ ಮಗುವೊಂದಕ್ಕೆ ವರ್ಷಕ್ಕೆ 40 ಡಾಲರ್‌ಗಿಂತ ಕಡಿಮೆ ಇತ್ತು. (ನಮ್ಮ ಮಕ್ಕಳನ್ನು ಕೇಳಿದ್ದರೆ ಮಾವಿನಹಣ್ಣಿನ ರುಚಿ ಎನ್ನುತ್ತಿದ್ದರು.) ಒಂದೆರಡು ಚಮಚ ನೀರಿಗೆ ಹಾಕಿದರೆ ಮಾತ್ರೆ ಅಂಚಿನಿಂದ ಉದುರುತ್ತಾ ಕದಡುತ್ತದೆ. ಅರ್ಧ ಗಂಟೆಯೊಳಗೆ ಕುಡಿಸಿ, ಲೋಟದ ತಳಕ್ಕೆ ಇನ್ನಷ್ಟು ನೀರು ಹಾಕಿ ಅದನ್ನೂ ಕುಡಿಸಬೇಕು. ದಿನಕ್ಕೆ ಒಂದೇ ಹೊತ್ತು. ಜೊತೆಗೆ ಬೇರೆರಡು ಔಷಧಗಳಂತೂ ಇದ್ದೇ ಇರುತ್ತವೆ.

ಇದನ್ನು ಬರೀ ರುಚಿಯ ಸುಧಾರಣೆ ಎನ್ನಲು ನಾನು ಒಪ್ಪುವುದಿಲ್ಲ. ಕದಡುವ ಮಾತ್ರೆಯ ಔಷಧ ದೇಹಕ್ಕೆ ಹೆಚ್ಚು ದಕ್ಕುತ್ತದೆ: ಇದರ 30 ಮಿ.ಗ್ರಾಂ. ದೊಡ್ಡವರ ಮಾತ್ರೆಯ 50 ಮಿ.ಗ್ರಾಂ.ಗೆ ಸಮ. ಹಾಗಾಗಿ ಮಿಲಿಗ್ರಾಂ ನೋಡಿ ಒಂದರ ಬದಲು ಇನ್ನೊಂದನ್ನು ಕೊಡುವಂತಿಲ್ಲ.

ಪ್ರಮಾಣ ನಿಂತಿರುವುದು ವಯಸ್ಸಿನ ಮೇಲಲ್ಲ, ತೂಕದ ಮೇಲೆ. 3 ಕಿಲೋ ಕೂಸಿಗೆ ಅರ್ಧ ಮಾತ್ರೆ, 6 ಕಿಲೋ ಆದಾಗ ಒಂದೂವರೆ, 10 ಕಿಲೋಗೆ ಎರಡು. ಅದಕ್ಕೇ ಪ್ರತಿ ಭೇಟಿಯಲ್ಲೂ ಮಗುವನ್ನು ತಕ್ಕಡಿಯ ಮೇಲೆ ಕೂರಿಸುವುದು. ಮುಳ್ಳು 20 ಕಿಲೋ ಮುಟ್ಟಿದ ದಿನ ಚಮಚ, ಲೋಟದ ಕೆಲಸ ಮುಗಿಯಿತು. ಅಂದಿನಿಂದ ತಾಯಿ ನುಂಗುವ 50 ಮಿ.ಗ್ರಾಂ. ಡೊಲುಟೆಗ್ರಾವಿರ್‌ನ್ನೇ ಮಗುವೂ ನುಂಗುತ್ತದೆ.